ಸಂಸತ್ತಿನ ಒಂದು ದಿನ, ಸಚಿವರಿಗೆ ಪ್ರಶ್ನೆ: ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಅಧಿವೇಶನ ಶುರುವಾದರೆ ಬೆಳಗ್ಗೆ ಡೊಂಬಿವಲಿಯಿಂದ ಲೋಕಲ್ ಹಿಡಿದ ಕೂಡಲೇ ನಾನು ಮೊಬೈಲಿನಲ್ಲಿ ಲೋಕಸಭೆಯ ಆ ದಿನದ ಕಾರ್ಯಕಲಾಪ ಪಟ್ಟಿ ತೆಗೆಯುತ್ತೇನೆ. ಪಕ್ಕದಲ್ಲಿ ನಿಂತವರು ಇಣುಕಿ ನೋಡಿ, 'ಏನ್ ಮಾಮಾ, ಶೇರ್ ರೇಟಾ?' ಅಂತ ಕೇಳುತ್ತಾರೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವನ ಮೇಲೆ ಅನುಮಾನ ಬರುವುದು ಸಹಜ. ಹೀಗೆ ಲೋಕಲ್‌ನಲ್ಲಿ ಶುರುವಾದ ಮಾತು ಈಗ ನಮ್ಮ ಶನಿವಾರದ ಕೂಟದವರೆಗೂ ಬಂದಿದೆ. ಅಲ್ಲಿ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು, ನಾನು ಕೊಟ್ಟ ಉತ್ತರಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ.

ಕಾರ್ಯಕಲಾಪ ಪಟ್ಟಿ ಅಂದರೆ ಏನು?

ಮದುವೆ ಮನೆಯಲ್ಲಿ ಎಷ್ಟು ಹೊತ್ತಿಗೆ ಧಾರೆ, ಎಷ್ಟು ಹೊತ್ತಿಗೆ ಊಟ ಅಂತ ಒಂದು ಚೀಟಿ ಇರುತ್ತದಲ್ಲ, ಹಾಗೇ ಇದು. ನಾಳೆ ಸದನದಲ್ಲಿ ಏನೇನು, ಯಾವುದರ ನಂತರ ಯಾವುದು ಅಂತ ಮೊದಲೇ ಬರೆದಿಟ್ಟ ಪಟ್ಟಿ. ಯಾವ ಸಚಿವರು ಯಾವ ಕಾಗದ ಮಂಡಿಸುತ್ತಾರೆ, ಯಾವ ಸಮಿತಿಯ ವರದಿ ಬರುತ್ತದೆ, ಯಾವ ಮಸೂದೆ ಚರ್ಚೆಗೆ ಬರುತ್ತದೆ, ಎಲ್ಲವೂ ಅದರಲ್ಲಿ ಇರುತ್ತದೆ. ಪ್ರಶ್ನೆಗಳ ಪಟ್ಟಿ ಮಾತ್ರ ಬೇರೆ. ಕಾರ್ಯಕಲಾಪ ಪಟ್ಟಿಯಲ್ಲಿ 'ಪ್ರಶ್ನೆಗಳು' ಅಂತ ಒಂದೇ ಸಾಲು ಕಾಣುತ್ತದೆ. ಆ ಸಾಲಿನ ಹಿಂದೆ ನೂರಾರು ಪ್ರಶ್ನೆ ಇರುತ್ತವೆ.

ಎರಡೂ ಪಟ್ಟಿ ಸಂಸದ್ ಡಾಟ್ ಇನ್ ಜಾಲತಾಣದಲ್ಲಿ ಸಿಗುತ್ತವೆ. ದುಡ್ಡಿಲ್ಲ, ಲಾಗಿನ್ ಇಲ್ಲ.

ದಿನ ಹೇಗೆ ಸಾಗುತ್ತದೆ? ಲೋಕಸಭೆಯ ಲೆಕ್ಕದಲ್ಲಿ ಹೇಳಿ.

ಬೆಳಗ್ಗೆ 11ಕ್ಕೆ ಸದನ ಸೇರುತ್ತದೆ. ಯಾರಾದರೂ ಮಾಜಿ ಸದಸ್ಯರು ತೀರಿಕೊಂಡಿದ್ದರೆ ಸಂತಾಪ. ಆಮೇಲೆ ನೇರವಾಗಿ ಪ್ರಶ್ನೋತ್ತರ ವೇಳೆ, 12ರವರೆಗೆ. 12 ಹೊಡೆದ ಮೇಲೆ ಸಚಿವರು ಒಬ್ಬೊಬ್ಬರಾಗಿ ಎದ್ದು ತಮ್ಮ ಇಲಾಖೆಯ ಕಾಗದಪತ್ರಗಳನ್ನು ಸದನದ ಮೇಜಿನ ಮೇಲೆ ಇಡುತ್ತಾರೆ. ನಿಜವಾಗಿ ಯಾರೂ ಕಟ್ಟು ಹೊತ್ತು ತರುವುದಿಲ್ಲ, ಹೆಸರು ಹೇಳಿದರೆ ಇಟ್ಟಂತೆಯೇ. ಸಮಿತಿ ವರದಿ, ಸಚಿವರ ಹೇಳಿಕೆ, ಶೂನ್ಯ ವೇಳೆ, ಮಧ್ಯಾಹ್ನದ ಊಟ. ಊಟ ಆದ ಮೇಲೆ ನಿಯಮ 377ರ ಅಡಿಯಲ್ಲಿ ಸದಸ್ಯರು ತಮ್ಮ ಕ್ಷೇತ್ರದ ವಿಷಯ ಎತ್ತುತ್ತಾರೆ. ಅದಾದ ಮೇಲೆ ಮಸೂದೆ, ಚರ್ಚೆ, ಮತ. ಸಾಮಾನ್ಯವಾಗಿ ಸಂಜೆ 6ಕ್ಕೆ ಮುಗಿಯುತ್ತದೆ, ಎಳೆದರೆ ರಾತ್ರಿಯೂ ಆಗುತ್ತದೆ. ಶುಕ್ರವಾರ ಕೊನೆಯ ಎರಡೂವರೆ ಗಂಟೆ ಖಾಸಗಿ ಸದಸ್ಯರದ್ದು. ಅಂದರೆ ಸಚಿವರಲ್ಲದ ಸಂಸದರು ತಂದ ಮಸೂದೆ, ನಿರ್ಣಯಗಳಿಗೆ.

ಸದನ ನಡೆಯಲು ಹತ್ತರಲ್ಲಿ ಒಂದು ಭಾಗ ಸದಸ್ಯರಾದರೂ ಇರಬೇಕು. 543 ಸ್ಥಾನದ ಲೋಕಸಭೆಗೆ ಅದು 55. ಟಿವಿಯಲ್ಲಿ ಮಧ್ಯಾಹ್ನದ ಖಾಲಿ ಬೆಂಚು ನೋಡಿ ಹೊಟ್ಟೆ ಉರಿಸಿಕೊಳ್ಳುವವರು ಈ ಸಂಖ್ಯೆ ನೆನಪಿಟ್ಟುಕೊಳ್ಳಿ.

ರಾಜ್ಯಸಭೆಯಲ್ಲೂ 11ಕ್ಕೇನಾ?

ಅಲ್ಲ. 2014ರ ಚಳಿಗಾಲದ ಅಧಿವೇಶನದಿಂದ ಅಲ್ಲಿ ಪ್ರಶ್ನೋತ್ತರ ಮಧ್ಯಾಹ್ನ 12ರಿಂದ 1ರವರೆಗೆ. ಬೆಳಗ್ಗೆ ಸದನ ಸೇರಿದ ಕೂಡಲೇ ಗಲಾಟೆ ಎದ್ದು ಪ್ರಶ್ನೆಗಳೆಲ್ಲ ಕೊಚ್ಚಿಹೋಗುತ್ತಿದ್ದವು. ಗಲಾಟೆ ಮೊದಲ ಗಂಟೆಯಲ್ಲಿ ಮುಗಿಯಲಿ, ಪ್ರಶ್ನೆ ಆಮೇಲೆ ಬರಲಿ ಅನ್ನುವುದು ಸಭಾಪತಿಗಳಾಗಿದ್ದ ಹಮೀದ್ ಅನ್ಸಾರಿಯವರ ಕಾಲದ ಉಪಾಯ. ಗಲಾಟೆಯೂ ಒಂದು ಗಂಟೆ ಮುಂದಕ್ಕೆ ಹೋಯಿತು ಅಷ್ಟೇ ಅಂತ ನಮ್ಮ ಕೂಟದ ಹಿರಿಯರೊಬ್ಬರು ನಗುತ್ತಾರೆ. ನನಗೆ ಅಷ್ಟು ನಿರಾಸೆ ಇಲ್ಲ.

ಚುಕ್ಕೆ ಪ್ರಶ್ನೆ, ಚುಕ್ಕೆ ಇಲ್ಲದ ಪ್ರಶ್ನೆ. ಏನಿದು?

ಪ್ರಶ್ನೆಯ ಸಂಖ್ಯೆಯ ಪಕ್ಕ ಒಂದು ನಕ್ಷತ್ರದ ಗುರುತು ಇದ್ದರೆ ಅದು ಚುಕ್ಕೆ ಗುರುತಿನ ಪ್ರಶ್ನೆ. ಮರಾಠಿಯಲ್ಲಿ ತಾರಾಂಕಿತ ಅನ್ನುವುದನ್ನು ನೀವು ಇಲ್ಲಿನ ಪೇಪರುಗಳಲ್ಲಿ ಓದಿರುತ್ತೀರಿ. ಅದಕ್ಕೆ ಸಚಿವರು ಸದನದಲ್ಲಿ ಎದ್ದು ನಿಂತು ಬಾಯಿಯಲ್ಲಿ ಉತ್ತರ ಕೊಡಬೇಕು. ಗುರುತಿಲ್ಲದಿದ್ದರೆ ಬರವಣಿಗೆಯಲ್ಲಿ ಉತ್ತರ ಬರುತ್ತದೆ, ಯಾರೂ ಏಳಬೇಕಿಲ್ಲ.

ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಪ್ರಶ್ನೆ, 230 ಚುಕ್ಕೆ ಇಲ್ಲದವು. ರಾಜ್ಯಸಭೆಯಲ್ಲಿ 15 ಮತ್ತು 160. ಕಾಗದದ ಕಾಲದಲ್ಲಿ ಲೋಕಸಭೆಯ ಚುಕ್ಕೆ ಪಟ್ಟಿ ಹಸಿರು ಹಾಳೆಯಲ್ಲಿ, ಇನ್ನೊಂದು ಬಿಳಿ ಹಾಳೆಯಲ್ಲಿ ಅಚ್ಚಾಗುತ್ತಿತ್ತು.

ಎಲ್ಲರ ಕಣ್ಣೂ ಹಸಿರು ಹಾಳೆಯ ಮೇಲೆ. ನನ್ನ ಕಣ್ಣು ಬಿಳಿ ಹಾಳೆಯ ಮೇಲೆ. ಟಿವಿಗೆ ಬೇಕಾದ್ದು ಮಾತು, ನಮಗೆ ಬೇಕಾದ್ದು ಲೆಕ್ಕ. ಲೆಕ್ಕ ಇರುವುದು ಆ 230ರಲ್ಲಿ: ಎಷ್ಟು ಹುದ್ದೆ ಖಾಲಿ, ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು, ಯಾವ ಜಿಲ್ಲೆಗೆ ಎಷ್ಟು. ಉತ್ತರದ ಕೊನೆಗೆ ಅಂಟಿಸಿರುವ ಅನುಬಂಧದ ಕೋಷ್ಟಕಗಳನ್ನು ನೋಡಿದರೆ ಬ್ಯಾಂಕಿನವನಿಗೆ ಹಬ್ಬ. ಪೇಪರಿನಲ್ಲಿ 'ಸಚಿವರು ಲಿಖಿತ ಉತ್ತರದಲ್ಲಿ ತಿಳಿಸಿದ್ದಾರೆ' ಅಂತ ಓದುತ್ತೀರಲ್ಲ, ಅದರಲ್ಲಿ ಜಾಸ್ತಿ ಪಾಲು ಇಲ್ಲಿಂದಲೇ ಎತ್ತಿದ್ದು.

20 ಚುಕ್ಕೆ ಪ್ರಶ್ನೆಗೂ ಒಂದು ಗಂಟೆಯಲ್ಲಿ ಉತ್ತರ ಮುಗಿಯುತ್ತದಾ?

ಎಲ್ಲಿಂದ ಮುಗಿಯಬೇಕು! ಬೆರಳೆಣಿಕೆಯಷ್ಟು ಆದರೆ ಪುಣ್ಯ. ಒಂದೊಂದಕ್ಕೂ ಪೂರಕ ಪ್ರಶ್ನೆಗಳಿರುತ್ತವೆ. 2019ರ ನವೆಂಬರ್ 27ರಂದು ಲೋಕಸಭೆಯಲ್ಲಿ 20 ಪ್ರಶ್ನೆಯೂ ಮುಗಿದವು. 1972ರ ನಂತರ ಹಾಗೆ ಆಗಿದ್ದು ಅದೇ ಮೊದಲು ಅಂತ ದೊಡ್ಡ ಸುದ್ದಿಯಾಯಿತು. ಸುದ್ದಿಯಾಯಿತು ಅಂದ ಮೇಲೆ ಅದು ಎಷ್ಟು ಅಪರೂಪ ಅಂತ ನೀವೇ ಲೆಕ್ಕ ಹಾಕಿ.

ಉಳಿದ ಪ್ರಶ್ನೆಗಳು ಸತ್ತುಹೋಗುವುದಿಲ್ಲ. ಅವುಗಳ ಲಿಖಿತ ಉತ್ತರ ಸದನದ ಮೇಜಿನ ಮೇಲೆ ಬಂದೇ ಬರುತ್ತದೆ. ಗಲಾಟೆಯಾಗಿ ಸದನ ಮುಂದೂಡಿದರೂ ಅಷ್ಟೇ. ಹಾಗಾಗಿ 'ಕಲಾಪ ಬಲಿ' ಅಂತ ಟಿವಿಯಲ್ಲಿ ಓಡುವ ದಿನವೂ ಸಂಜೆ ಜಾಲತಾಣ ತೆರೆದು ನೋಡಿ. ಉತ್ತರಗಳು ಇರುತ್ತವೆ. ಹೋಗುವುದು ಪೂರಕ ಪ್ರಶ್ನೆ ಕೇಳುವ ಅವಕಾಶ. ಅದು ಸಣ್ಣ ನಷ್ಟವಲ್ಲ.

ಪೂರಕ ಪ್ರಶ್ನೆಗೆ ಯಾಕೆ ಅಷ್ಟು ಬೆಲೆ?

ಮೂಲ ಪ್ರಶ್ನೆಯ ಉತ್ತರವನ್ನು ಅಧಿಕಾರಿಗಳು ಬರೆದುಕೊಟ್ಟಿರುತ್ತಾರೆ. ಸ್ಪೀಕರ್ ಸದಸ್ಯರ ಹೆಸರು ಕರೆಯುತ್ತಾರೆ, ಸದಸ್ಯರು ಎದ್ದು ಪ್ರಶ್ನೆಯ ಸಂಖ್ಯೆ ಹೇಳುತ್ತಾರೆ, ಸಚಿವರು 'ಉತ್ತರವನ್ನು ಮೇಜಿನ ಮೇಲೆ ಇಟ್ಟಿದ್ದೇನೆ' ಅನ್ನುತ್ತಾರೆ. ಅಲ್ಲಿಗೆ ಬರೆದುಕೊಂಡು ಬಂದ ಭಾಗ ಮುಗಿಯಿತು. ಇನ್ನು ಸದಸ್ಯರು ಎರಡು ಪೂರಕ ಪ್ರಶ್ನೆ ಕೇಳಬಹುದು, ಸ್ಪೀಕರ್ ಬಿಟ್ಟರೆ ಬೇರೆಯವರೂ ಕೇಳಬಹುದು. ಯಾವ ಕಡೆಯಿಂದ ಬಾಣ ಬರುತ್ತದೋ ಸಚಿವರಿಗೆ ಗೊತ್ತಿರುವುದಿಲ್ಲ. ವಿಷಯ ಓದಿಕೊಂಡು ಬಂದ ಸಚಿವರು ಯಾರು, ಚೀಟಿ ನೋಡಿ ಓದುವವರು ಯಾರು ಅಂತ ಗೊತ್ತಾಗುವುದು ಆಗಲೇ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಬರುವುದನ್ನೂ ನೋಡಬಹುದು.

ಇದಕ್ಕೆ ನಮ್ಮ ಊರಿನದೇ ಒಂದು ಉದಾಹರಣೆ ಇದೆ, ಮುಂದಿನ ಪ್ರಶ್ನೆ ಓದಿ.

ಒಂದು ಪ್ರಶ್ನೆಯಿಂದ ಯಾವತ್ತಾದರೂ ಏನಾದರೂ ಆಗಿದೆಯಾ? ಸುಮ್ನೆ ನಾಟಕ ಅಲ್ವಾ?

ಶನಿವಾರದ ಕೂಟದಲ್ಲಿ ಇದನ್ನು ಕೇಳದ ವಾರವಿಲ್ಲ. ನಾನು ಪ್ರತಿ ಸಲ 1957ಕ್ಕೆ ಹೋಗುತ್ತೇನೆ.

ಎಲ್ಐಸಿ ಹುಟ್ಟಿದ್ದು 1956ರ ಸೆಪ್ಟೆಂಬರ್ 1ರಂದು. 245 ವಿಮಾ ಸಂಸ್ಥೆಗಳನ್ನು ಸರ್ಕಾರ ತೆಗೆದುಕೊಂಡು ಒಂದು ಮಾಡಿತು. ಮುಖ್ಯ ಕಚೇರಿ ಇಲ್ಲೇ, ಬೊಂಬಾಯಿಯಲ್ಲಿ. ಒಂದು ವರ್ಷ ತುಂಬುವ ಮೊದಲೇ, 1957ರ ಜೂನ್‌ನಲ್ಲಿ, ಅದು ಹರಿದಾಸ್ ಮುಂಧ್ರಾ ಅನ್ನುವ ಉದ್ಯಮಿಯ ಆರು ಕಂಪನಿಗಳ ಶೇರುಗಳನ್ನು ಸುಮಾರು 1.24 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಅಂದಿನ 1.24 ಕೋಟಿ. ಪಾಲಿಸಿದಾರರ ದುಡ್ಡು, ಅಂದರೆ ತಿಂಗಳು ತಿಂಗಳು ಕಂತು ಕಟ್ಟಿದ ಗುಮಾಸ್ತರು, ಮಾಸ್ತರುಗಳ ದುಡ್ಡು.

ಇದು ಬಯಲಿಗೆ ಬಂದಿದ್ದು ಲೋಕಸಭೆಯ ಪ್ರಶ್ನೆಯಿಂದ. ರಾಮ್ ಸುಭಗ್ ಸಿಂಗ್ ಪ್ರಶ್ನೆ ಕೇಳಿದರು. ಫಿರೋಜ್ ಗಾಂಧಿ ಪಟ್ಟು ಬಿಡದೆ ಬೆನ್ನು ಹತ್ತಿದರು. ಇಬ್ಬರೂ ಆಡಳಿತ ಪಕ್ಷದವರೇ! ಫಿರೋಜ್ ಗಾಂಧಿಯಂತೂ ಪ್ರಧಾನಿಯ ಅಳಿಯ. ಮಾವನ ಸರ್ಕಾರದ ಹಣಕಾಸು ಸಚಿವರನ್ನು ಸದನದಲ್ಲಿ ನಿಲ್ಲಿಸಿ ಕೇಳುವುದು ಅಂದರೆ ಮನೆಯ ಊಟದ ಪಂಕ್ತಿಯಲ್ಲಿ ಹೇಗಿತ್ತೋ ಏನೋ.

ಕೊನೆಗೆ ವಿಚಾರಣಾ ಆಯೋಗ ಬಂತು. ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಒಬ್ಬರೇ ಆಯೋಗ. 1958ರ ಆರಂಭದಲ್ಲಿ ಇದೇ ಊರಿನಲ್ಲಿ ಬಹಿರಂಗ ವಿಚಾರಣೆ ನಡೆಸಿದರು. ಜನ ಕಿಕ್ಕಿರಿದು ಕೇಳಿದರು. ವರ್ಷಗಟ್ಟಲೆ ಎಳೆಯಲಿಲ್ಲ, ಕೆಲವೇ ವಾರಗಳಲ್ಲಿ ವರದಿ ಕೊಟ್ಟರು. ಅದೇ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಎಲ್ಲ ಪ್ರಶ್ನೆಗೂ ಸಚಿವರು ಬೀಳುವುದಿಲ್ಲ, ಬೀಳಬೇಕಾಗಿಯೂ ಇಲ್ಲ. ಒಂದು ಪ್ರಶ್ನೆಗೆ ಅಷ್ಟು ದೂರ ಹೋಗುವ ಕಾಲಿದೆ ಅನ್ನುವುದಷ್ಟೇ ನನ್ನ ಮಾತು.

ನಾನು ಸಾಮಾನ್ಯ ಮನುಷ್ಯ. ಸಚಿವರಿಗೆ ನಾನೇ ಪ್ರಶ್ನೆ ಕೇಳಬಹುದಾ?

ಸದನದಲ್ಲಿ ಇಲ್ಲ. ಸಂಸದರ ಮೂಲಕ ಕೇಳಿಸಬಹುದು. ಆದರೆ ಮೊದಲು ನಿಮ್ಮ ತಕರಾರು ಯಾರ ಬಾಗಿಲಿಗೆ ಸೇರಿದ್ದು ಅಂತ ತಿಳಿಯಿರಿ. ನಮ್ಮಲ್ಲಿ ಅರ್ಧ ಜನ ಎಡವುವುದು ಇಲ್ಲೇ.

ಇಲ್ಲಿ ಇದ್ದು ಇದ್ದು ನಮಗೆಲ್ಲ ನಗರಸೇವಕ (ಪಾಲಿಕೆ ಸದಸ್ಯ), ಆಮದಾರ (ಶಾಸಕ), ಖಾಸದಾರ (ಸಂಸದ) ಅನ್ನುವ ಮರಾಠಿ ಮಾತುಗಳೇ ಬಾಯಿಗೆ ಬರುತ್ತವೆ. ಮೂವರ ಕೆಲಸ ಮೂರು ಥರ. ಗಲ್ಲಿಯ ಗುಂಡಿ, ಗಟಾರ, ನಲ್ಲಿ ನೀರು ನಗರಸೇವಕರ ಬಾಗಿಲು. ಮ್ಹಾಡಾ ಅನ್ನುವ ರಾಜ್ಯ ಗೃಹ ಮಂಡಳಿಯ ಮನೆ, ಸೊಸೈಟಿಯ ಸಹಕಾರಿ ಕಾಯ್ದೆ, ಪೊಲೀಸ್ ಠಾಣೆ, ಕನ್ನಡ ಮಾಧ್ಯಮ ಶಾಲೆಯ ಅನುದಾನ ಆಮದಾರರದ್ದು. ಅವರಿಗೆ ನಾರಿಮನ್ ಪಾಯಿಂಟ್‌ನಲ್ಲಿ ವಿಧಾನ ಭವನವಿದೆ, ಚಳಿಗಾಲದಲ್ಲಿ ನಾಗಪುರ. ಲೋಕಲ್ ರೈಲು, ಪಾಸ್‌ಪೋರ್ಟ್, ಪಿಎಫ್, ಎಲ್ಐಸಿ, ರಾಷ್ಟ್ರೀಕೃತ ಬ್ಯಾಂಕು, ಅಂಚೆ, ಪನ್ವೇಲ್‌ನಿಂದ ಕರಾವಳಿಯುದ್ದಕ್ಕೂ ಹೋಗುವ ರಾಷ್ಟ್ರೀಯ ಹೆದ್ದಾರಿ 66, ಇವು ಖಾಸದಾರರದ್ದು.

ನಮ್ಮ ಕೂಟದಲ್ಲಿ ಒಬ್ಬ ಅಕ್ಕ ತಮ್ಮ ಬಿಲ್ಡಿಂಗಿನ ಲಿಫ್ಟ್ ಆರು ತಿಂಗಳಿಂದ ಕೆಟ್ಟಿದೆ, ಸಂಸತ್ತಿನಲ್ಲಿ ಕೇಳಿಸಿ ಅಂದರು. ಅಕ್ಕಾ, ಅದಕ್ಕೆ ಸೊಸೈಟಿಯ ಸೆಕ್ರೆಟರಿ ಸಾಕು ಅಂದೆ. 'ಸೆಕ್ರೆಟರಿ ನಮ್ಮನೆಯವರೇ ಮಾರಾಯ್ರೆ, ಅದಕ್ಕೇ ಸಂಸತ್ತಿಗೆ ಬಂದಿದ್ದು' ಅಂದರು.

ನನ್ನ ಸಂಸದರು ಯಾರು ಅಂತಲೇ ಗೊತ್ತಿಲ್ಲ.

ನಾಚಿಕೆ ಬೇಡ, ಬಹಳ ಜನಕ್ಕೆ ಗೊತ್ತಿಲ್ಲ. ಮುಂಬಯಿಯಲ್ಲಿ ಆರು ಲೋಕಸಭಾ ಕ್ಷೇತ್ರ: ಉತ್ತರ, ವಾಯವ್ಯ, ಈಶಾನ್ಯ, ಉತ್ತರ ಮಧ್ಯ, ದಕ್ಷಿಣ ಮಧ್ಯ, ದಕ್ಷಿಣ. ಥಾಣೆ, ಕಲ್ಯಾಣ, ಭಿವಂಡಿ, ಪಾಲ್ಘರ್ ಬೇರೆ. ಡೊಂಬಿವಲಿಯ ನಾವು ಕಲ್ಯಾಣಕ್ಕೆ. ಮಹಾರಾಷ್ಟ್ರಕ್ಕೆ ಒಟ್ಟು 48 ಲೋಕಸಭಾ ಸ್ಥಾನ, ರಾಜ್ಯಸಭೆಯಲ್ಲಿ 19. ಗೋವಾದ ನೆಂಟರಿಗೆ ಲೆಕ್ಕ ಸುಲಭ: ಉತ್ತರ ಗೋವಾ, ದಕ್ಷಿಣ ಗೋವಾ, ರಾಜ್ಯಸಭೆಗೆ ಒಬ್ಬರು.

ಊರಿನ ವಿಷಯವಾದರೆ ಊರಿನ ಸಂಸದರಿಗೂ ಬರೆಯಬಹುದು. ಅಂದಹಾಗೆ, ನಮ್ಮ ಕಡೆಯವರು ಮುಂಬಯಿಯ ಸಂಸದರೇ ಆದದ್ದೂ ಉಂಟು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ 1967ರಲ್ಲಿ ದಕ್ಷಿಣ ಬೊಂಬಾಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಆಮೇಲೆ ರೈಲ್ವೆ ಸಚಿವರಾಗಿ ಕೊಂಕಣ ರೈಲಿನ ಬೆನ್ನಿಗೆ ನಿಂತರು.

ಸಂಸದರು ಒಪ್ಪಿದರು ಅಂತ ಇಟ್ಟುಕೊಳ್ಳಿ. ಮುಂದೆ?

ಪ್ರಶ್ನೆಗೆ ಕನಿಷ್ಠ 15 ಪೂರ್ತಿ ದಿನ ಮೊದಲು ನೋಟಿಸ್ ಕೊಡಬೇಕು. ಅಷ್ಟು ದಿನದಲ್ಲಿ ಇಲಾಖೆ ಮಾಹಿತಿ ಕೂಡಿಸುತ್ತದೆ. ಒಬ್ಬ ಲೋಕಸಭಾ ಸದಸ್ಯರು ಒಂದು ದಿನಕ್ಕೆ ಐದು ನೋಟಿಸ್ ಕೊಡಬಹುದು. ಅದರಲ್ಲಿ ಚುಕ್ಕೆ ಪಟ್ಟಿಗೆ ಹತ್ತುವುದು ಹೆಚ್ಚೆಂದರೆ ಒಂದು. ಬಂದ ನೋಟಿಸ್‌ಗಳಲ್ಲಿ ಯಾವುದು ಮೊದಲು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ನಮ್ಮ ಭಿಶಿಯಲ್ಲಿ, ಅಂದರೆ ಚೀಟಿ ಫಂಡಿನಲ್ಲಿ, ಎತ್ತುವ ಹಾಗೇ, ಆದರೆ ಕಂಪ್ಯೂಟರಿನಲ್ಲಿ. ಹಾಗಾಗಿ ಸಂಸದರು ಕಳಿಸಿದರೂ ಪ್ರಶ್ನೆ ಬರದೇ ಹೋಗಬಹುದು. ಅವರ ಮೇಲೆ ಸಿಟ್ಟಾಗುವ ಮೊದಲು ಇದು ನೆನಪಿರಲಿ.

ತುರ್ತು ಇದ್ದರೆ ಅಲ್ಪಾವಧಿ ನೋಟಿಸಿನ ಪ್ರಶ್ನೆ ಅಂತ ಒಂದಿದೆ, 10 ದಿನಕ್ಕಿಂತ ಕಡಿಮೆ ಸಮಯದ್ದು. ಅದಕ್ಕೆ ಸಚಿವರೂ ಒಪ್ಪಬೇಕು. ತೀರಾ ಅಪರೂಪ.

ಯಾವ ಸಚಿವರನ್ನು ಯಾವ ದಿನ ಬೇಕಾದರೂ ಕೇಳಬಹುದಾ?

ಇಲ್ಲ. ಇಲಾಖೆಗಳನ್ನೆಲ್ಲ ಐದು ಗುಂಪು ಮಾಡಿದ್ದಾರೆ. ಸೋಮವಾರದಿಂದ ಶುಕ್ರವಾರ, ಗುಂಪಿಗೊಂದು ದಿನ. ಇತ್ತೀಚಿನ ಅಧಿವೇಶನಗಳಲ್ಲಿ ರೈಲ್ವೆ ಲೋಕಸಭೆಯಲ್ಲಿ ಬುಧವಾರ, ರಾಜ್ಯಸಭೆಯಲ್ಲಿ ಶುಕ್ರವಾರ. ಗುಂಪು ಬದಲಾಗಬಹುದು, ಪ್ರತಿ ಅಧಿವೇಶನದ ಪಟ್ಟಿ ನೋಡಿಕೊಳ್ಳಿ. ಪ್ರಧಾನಿಯೂ ತಮ್ಮ ಕೈಯಲ್ಲಿರುವ ಇಲಾಖೆಗಳ ದಿನಕ್ಕೆ ಸೇರುತ್ತಾರೆ. ಬ್ರಿಟನ್ನಿನಲ್ಲಿ ಬುಧವಾರ ಮಧ್ಯಾಹ್ನ ಪ್ರಧಾನಿಗೇ ಅಂತ ಅರ್ಧ ಗಂಟೆ ಮೀಸಲು, ಅಂಥದ್ದು ನಮ್ಮಲ್ಲಿಲ್ಲ. ಇದ್ದಿದ್ದರೆ ಲೋಕಲ್‌ನಲ್ಲಿ ಎಲ್ಲರ ಮೊಬೈಲಿನಲ್ಲೂ ಅದೇ ಓಡುತ್ತಿತ್ತು.

ಪ್ರಶ್ನೆಯನ್ನು ಹೇಗೆ ಬರೆಯಬೇಕು? ಒಂದು ಮಾದರಿ ಕೊಡಿ.

ಮಾದರಿಗಿಂತ ಮೊದಲು ನಮ್ಮ ಮುಖಭಂಗದ ಕಥೆ ಕೇಳಿ. ಮೇ ರಜೆಯಲ್ಲಿ ಊರಿಗೆ ಹೋಗಲು ಟಿಕೆಟ್ ಸಿಗುವುದಿಲ್ಲ, ಮತ್ಸ್ಯಗಂಧ ರೈಲಿನ ವೇಟಿಂಗ್ ಲಿಸ್ಟ್ ನೋಡಿದರೆ ತಲೆ ತಿರುಗುತ್ತದೆ. ಇದನ್ನು ಕೇಳಿಸೋಣ ಅಂತ ಕೂಟದಲ್ಲಿ ತೀರ್ಮಾನವಾಯಿತು. ನಾನೇ ಮುಂದೆ ನಿಂತು ಎರಡು ಪುಟ ಬರೆದೆ. ಕೊಂಕಣ ರೈಲಿನ ಇತಿಹಾಸ, ಕರಾವಳಿಯ ಹೋಟೆಲಿಗರು ಈ ನಗರಕ್ಕೆ ಬಡಿಸಿದ ಇಡ್ಲಿ, ಹೆದ್ದಾರಿಯ ಗುಂಡಿ, ವಿಮಾನದ ದರ, ಕೊನೆಗೆ 'ಸರ್ಕಾರಕ್ಕೆ ನಮ್ಮ ಮೇಲೆ ಕರುಣೆ ಇಲ್ಲವೇ' ಅಂತ ಒಂದು ಸಾಲು. ಸಂಸದರೊಬ್ಬರ ಆಪ್ತ ಸಹಾಯಕ ಹುಡುಗ ಓದಿ, ತುಂಬಾ ಮರ್ಯಾದೆಯಿಂದ ವಾಪಸ್ ಕೊಟ್ಟ. 'ಅಂಕಲ್, ಚೆನ್ನಾಗಿದೆ. ಆದರೆ ಇದು ಪ್ರಶ್ನೆ ಅಲ್ಲ, ಭಾಷಣ. 150 ಪದ ಮೀರಬಾರದು. ಇದರಲ್ಲಿ ಮೂರು ಇಲಾಖೆ ಇದೆ. ಕರುಣೆ ಬಗ್ಗೆ ಕೇಳೋ ಹಾಗಿಲ್ಲ.'

ಅವನೇ ಕೂತು ತಿದ್ದಿಸಿದ. ಕನ್ನಡದಲ್ಲಿ ಹೇಳುವುದಾದರೆ ಹೀಗಾಯಿತು:

ರೈಲ್ವೆ ಸಚಿವರು ಈ ಕೆಳಗಿನವುಗಳನ್ನು ತಿಳಿಸುವರೇ:
(ಅ) ಕಳೆದ ಮೂರು ವರ್ಷಗಳ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಮುಂಬಯಿಯಿಂದ ಕರಾವಳಿ ಕರ್ನಾಟಕಕ್ಕೆ ಹೋಗುವ ರೈಲುಗಳಲ್ಲಿ ಕೊನೆಯವರೆಗೂ ವೇಟಿಂಗ್ ಲಿಸ್ಟ್‌ನಲ್ಲೇ ಉಳಿದ ಪ್ರಯಾಣಿಕರ ಸಂಖ್ಯೆ ಎಷ್ಟು, ವರ್ಷವಾರು ಮತ್ತು ರೈಲುವಾರು;
(ಆ) ಇದೇ ಅವಧಿಯಲ್ಲಿ ಓಡಿಸಿದ ವಿಶೇಷ ರೈಲುಗಳು ಎಷ್ಟು;
(ಇ) ಮುಂದಿನ ಬೇಸಿಗೆಗೆ ಹೆಚ್ಚುವರಿ ರೈಲು ಅಥವಾ ಬೋಗಿಗಳ ಪ್ರಸ್ತಾಪ ಇದೆಯೇ, ಇದ್ದರೆ ಅದರ ವಿವರ, ಮತ್ತು
(ಈ) ಇಲ್ಲದಿದ್ದರೆ ಅದಕ್ಕೆ ಕಾರಣಗಳೇನು?

ಎರಡು ಪುಟದ ನನ್ನ ಅಳು ನಾಲ್ಕು ಸಾಲಿಗೆ ಇಳಿಯಿತು. 'ವರ್ಷವಾರು ಮತ್ತು ರೈಲುವಾರು' ಅನ್ನುವ ಎರಡೇ ಪದ ನೋಡಿ. ಅವು ಇಲ್ಲದಿದ್ದರೆ 'ಬೇಡಿಕೆಗೆ ತಕ್ಕಂತೆ ಕ್ರಮ ಕೈಗೊಳ್ಳಲಾಗುತ್ತದೆ' ಅಂತ ಒಂದು ಸಾಲಿನಲ್ಲಿ ಮುಗಿಸಬಹುದು. ಅವು ಇದ್ದರೆ ಕೋಷ್ಟಕ ಕೊಡಲೇಬೇಕಾಗುತ್ತದೆ, ಇಲ್ಲವೇ ಯಾಕೆ ಕೊಡಲಾಗದು ಅಂತ ಹೇಳಬೇಕಾಗುತ್ತದೆ. 'ಇದ್ದರೆ ವಿವರ, ಇಲ್ಲದಿದ್ದರೆ ಕಾರಣ' ಅನ್ನುವುದು ಎರಡೂ ಕಡೆ ಬಾಗಿಲು ಹಾಕುವ ಕೆಲಸ.

ಏನನ್ನು ಕೇಳುವಂತಿಲ್ಲ?

ಅಭಿಪ್ರಾಯ ಕೇಳುವಂತಿಲ್ಲ. 'ಹೀಗಾದರೆ ಏನು ಮಾಡುತ್ತೀರಿ' ಅನ್ನುವ ಊಹೆಯ ಪ್ರಶ್ನೆ ಇಲ್ಲ. ಯಾರನ್ನೋ ಚುಚ್ಚುವ ಮಾತು ಇಲ್ಲ. ರಾಜ್ಯ ಸರ್ಕಾರದ ಹೊಣೆಯ ವಿಷಯ ಇಲ್ಲ. ಕೋರ್ಟಿನಲ್ಲಿ ನಡೆಯುತ್ತಿರುವ ವಿಷಯವೂ ಇಲ್ಲ. ಬೆಳಗಾವಿ ಗಡಿ ತಕರಾರಿನ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಹಾಗಾಗಿ ಅದರ ತೀರ್ಪು ಹೇಗಾಗಬೇಕು ಅಂತ ಪ್ರಶ್ನೋತ್ತರದಲ್ಲಿ ಹೇಳಿಸಲು ಆಗುವುದಿಲ್ಲ. ನಮ್ಮ ಕೂಟದಲ್ಲೂ ಆ ವಿಷಯ ಎತ್ತಬಾರದು ಅಂತ ನಿಯಮ ಇದೆ. ಕೆಳಗಿನ ಕ್ಯಾಂಟೀನಿನ ಮರಾಠಿ ಅಣ್ಣ ಚಹಾ ಕಳಿಸಬೇಕಲ್ಲ.

ಉತ್ತರದ ಭಾಷೆ ಅರ್ಥವಾಗುವುದಿಲ್ಲ. ಸ್ವಲ್ಪ ಬಿಡಿಸಿ ಹೇಳಿ.

ಮೊದಮೊದಲು ನನಗೂ ಆಗುತ್ತಿರಲಿಲ್ಲ. ಕೆಲವು ಮಾತುಗಳು ತಿರುಗಿ ತಿರುಗಿ ಬರುತ್ತವೆ.

'ಪ್ರಶ್ನೆ ಉದ್ಭವಿಸುವುದಿಲ್ಲ.' ಹಿಂದಿನ ಭಾಗಕ್ಕೆ ಇಲ್ಲ ಅಂದಿದ್ದೇವೆ, ಆದ್ದರಿಂದ ಇದಕ್ಕೆ ಉತ್ತರವಿಲ್ಲ ಅಂತ ಅರ್ಥ. ಇದನ್ನು ಕಂಡರೆ ಹಿಂದಿನ ಭಾಗವನ್ನು ಕೇಳಿದ ರೀತಿ ಸರಿಯಿತ್ತಾ ಅಂತ ನೋಡಿ.

'(ಅ)ರಿಂದ (ಈ)ವರೆಗೆ' ಅಂತ ಒಟ್ಟಿಗೆ ಉತ್ತರ ಕೊಟ್ಟಿದ್ದರೆ ಹುಷಾರು. ನಾಲ್ಕು ಪ್ರಶ್ನೆಯನ್ನು ಒಂದೇ ಪಾತ್ರೆಗೆ ಸುರಿದಾಗ ಒಂದೆರಡು ತಳದಲ್ಲಿ ಉಳಿದಿರುತ್ತವೆ. ನಾನು ಪೆನ್ಸಿಲ್ ಹಿಡಿದು ಯಾವ ಸಾಲು ಯಾವ ಭಾಗಕ್ಕೆ ಅಂತ ಗುರುತು ಹಾಕುತ್ತೇನೆ. ಗುರುತು ಬೀಳದ ಭಾಗವೇ ಮುಂದಿನ ಪ್ರಶ್ನೆ.

'ಇದು ನಿರಂತರ ಪ್ರಕ್ರಿಯೆ.' ಸದ್ಯಕ್ಕೆ ಏನೂ ಇಲ್ಲ. ಇದು ನನ್ನ ಸ್ವಂತ ಅನುವಾದ.

'ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮೇಜಿನ ಮೇಲೆ ಇಡಲಾಗುವುದು.' ತಳ್ಳಿಹಾಕಿದ ಹಾಗೆ ಕಾಣುತ್ತದೆ, ಆದರೆ ಇದು ಚಿನ್ನ. ಇದು ಭರವಸೆ ಅಂತ ಲೆಕ್ಕಕ್ಕೆ ಬರುತ್ತದೆ. ಸರ್ಕಾರಿ ಭರವಸೆಗಳ ಸಮಿತಿ ಅಂತ ಲೋಕಸಭೆಯಲ್ಲಿ 1953ರಿಂದ ಇದೆ. ಕೊಟ್ಟ ಮಾತನ್ನು ಇಲಾಖೆ ಮೂರು ತಿಂಗಳಲ್ಲಿ ಪೂರೈಸಬೇಕು. ತಡವಾದರೆ ಸಮಯ ಕೇಳಬೇಕು, ಸಮಿತಿ ಅಧಿಕಾರಿಗಳನ್ನು ಕರೆದು ಕೇಳುತ್ತದೆ. ಬಾಕಿ ಸಾಲದ ಖಾತೆ ಇಟ್ಟ ಹಾಗೆ, ಬಡ್ಡಿ ಇಲ್ಲ ಅಷ್ಟೇ.

ಉತ್ತರ ತೃಪ್ತಿ ಕೊಡದಿದ್ದರೆ?

ಅದೇ ವಿಷಯದ ಮೇಲೆ ಅರ್ಧ ಗಂಟೆ ಚರ್ಚೆ ಕೇಳಲು ಸದಸ್ಯರಿಗೆ ನಿಯಮ 55ರಲ್ಲಿ ಅವಕಾಶವಿದೆ. ಉತ್ತರದಲ್ಲಿ ತಪ್ಪಿದ್ದರೆ ಸಚಿವರು ಮುಂದೆ ತಿದ್ದುಪಡಿ ಹೇಳಿಕೆ ಕೊಡುತ್ತಾರೆ, ಅದೂ ಕಾರ್ಯಕಲಾಪ ಪಟ್ಟಿಯಲ್ಲಿ ಬರುತ್ತದೆ. ಬೇಕಂತಲೇ ಸುಳ್ಳು ಹೇಳಿದರೆ ಹಕ್ಕುಚ್ಯುತಿ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ಆರೋಪ.

ಶೂನ್ಯ ವೇಳೆಗೂ ಇದಕ್ಕೂ ಏನು ವ್ಯತ್ಯಾಸ?

ಶೂನ್ಯ ವೇಳೆ ಅನ್ನುವ ಹೆಸರು ನಿಯಮದ ಪುಸ್ತಕದಲ್ಲೇ ಇಲ್ಲ, ರೂಢಿಯಿಂದ ಬಂದದ್ದು. ಅಲ್ಲಿ ಸದಸ್ಯರು ವಿಷಯ ಎತ್ತುತ್ತಾರೆ, ಸಚಿವರು ಆಗಲೇ ಉತ್ತರ ಕೊಡಬೇಕೆಂದಿಲ್ಲ. ವಿಡಿಯೋ ಚೆನ್ನಾಗಿ ಬರುತ್ತದೆ, ವಾಟ್ಸಾಪಿನಲ್ಲಿ ಓಡಾಡುತ್ತದೆ. ಪ್ರಶ್ನೆಗಾದರೆ ಉತ್ತರ ಬರುತ್ತದೆ. ನನ್ನ ಓಟು ಯಾವುದಕ್ಕೆ ಅಂತ ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಕೇಳಬಹುದಾ?

ನೋಟಿಸ್ ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಉತ್ತರವೂ ಆ ಎರಡರಲ್ಲೇ. ಸದನದಲ್ಲಿ ಮಾತಾಡುವುದಾದರೆ ಕನ್ನಡದಲ್ಲಿ ಮಾತಾಡಬಹುದು, ಮೊದಲೇ ತಿಳಿಸಿದರೆ ಅನುವಾದದ ವ್ಯವಸ್ಥೆ ಇರುತ್ತದೆ. ಲೋಕಸಭೆಯಲ್ಲಿ ಮೊದಲು ಕನ್ನಡದಲ್ಲಿ ಮಾತಾಡಿದವರು ಜೆ.ಎಚ್. ಪಟೇಲರು, 1967ರಲ್ಲಿ. ಮುಂದೆ 1977ರಿಂದ 1980ರ ಜನವರಿವರೆಗೆ ಸ್ಪೀಕರ್ ಪೀಠದಲ್ಲಿ ಕರಾವಳಿಯ ಕೆ.ಎಸ್. ಹೆಗ್ಡೆ ಕೂತಿದ್ದರು. ಮಾಟುಂಗದ ಹಳಬರು ಇವರಿಬ್ಬರ ಹೆಸರನ್ನೂ ಚಹಾಕ್ಕೆ ಬಿಸ್ಕತ್ತಿನ ಹಾಗೆ ಜೊತೆಯಲ್ಲೇ ಹೇಳುತ್ತಾರೆ.

ದುಡ್ಡು ಕೊಟ್ಟರೆ ಪ್ರಶ್ನೆ ಕೇಳುತ್ತಾರಂತೆ?

ಕೇಳಿದವರಿದ್ದರು. 2005ರ ಡಿಸೆಂಬರಿನಲ್ಲಿ ಗುಪ್ತ ಕ್ಯಾಮರಾದಲ್ಲಿ ಸಿಕ್ಕಿಬಿದ್ದರು. ಅದೇ ತಿಂಗಳ 23ರಂದು 11 ಸಂಸದರನ್ನು ಹೊರಹಾಕಲಾಯಿತು, ಲೋಕಸಭೆಯಿಂದ 10, ರಾಜ್ಯಸಭೆಯಿಂದ ಒಬ್ಬರು. ಸುಪ್ರೀಂ ಕೋರ್ಟ್ 2007ರಲ್ಲಿ ಅದನ್ನು ಎತ್ತಿಹಿಡಿಯಿತು. ಯಾರಾದರೂ 'ನಿಮ್ಮ ಪ್ರಶ್ನೆ ಹಾಕಿಸ್ತೀನಿ, ಇಷ್ಟು ಕೊಡಿ' ಅಂದರೆ ಚಪ್ಪಲಿ ಹಾಕಿಕೊಂಡು ಹೊರಟುಬಿಡಿ.

ಪ್ರಶ್ನೋತ್ತರ ವೇಳೆಯೇ ಇಲ್ಲದ ಅಧಿವೇಶನ ಇತ್ತಾ?

2020ರ ಮುಂಗಾರು ಅಧಿವೇಶನದಲ್ಲಿ ಕೋವಿಡ್ ಕಾರಣಕ್ಕೆ ಬಿಟ್ಟರು. ಚುಕ್ಕೆ ಇಲ್ಲದ ಪ್ರಶ್ನೆಗಳಿಗೆ ಮಾತ್ರ ಲಿಖಿತ ಉತ್ತರ ಬಂತು. 1962ರಲ್ಲಿ ಚೀನಾ ಯುದ್ಧದ ಹೊತ್ತಿನಲ್ಲೂ ಬಿಟ್ಟಿದ್ದರು.

ಸಂಸದರೇ ಬೇಡ, ನೇರ ದಾರಿ ಇದೆಯಾ?

ಮಾಹಿತಿ ಹಕ್ಕು. ಕೇಂದ್ರದ ಕಚೇರಿಗಾದರೆ 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಸಂಸತ್ತಿಗೆ ಕೊಡಲು ನಿರಾಕರಿಸಲಾಗದ ಮಾಹಿತಿಯನ್ನು ಯಾರಿಗೂ ನಿರಾಕರಿಸಬಾರದು ಅಂತ 2005ರ ಆ ಕಾಯ್ದೆಯಲ್ಲೇ ಒಂದು ಸಾಲಿತ್ತು, 2025ರ ನವೆಂಬರಿನಲ್ಲಿ ಅದು ಹೋಯಿತು. ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ: ಜಾಲತಾಣದಲ್ಲಿ ಹಳೆಯ ಉತ್ತರ ಹುಡುಕಿ. ಇಲಾಖೆ, ಸದಸ್ಯರು, ದಿನಾಂಕದ ಪ್ರಕಾರ ಹುಡುಕಬಹುದು. ನಿಮ್ಮ ಪ್ರಶ್ನೆಯನ್ನು ಯಾರೋ ಬಿಹಾರದ, ಕೇರಳದ ಸಂಸದರು ಆಗಲೇ ಕೇಳಿರುವ ಸಂಭವ ಬಹಳ ಜಾಸ್ತಿ.

ಟಿವಿಯಲ್ಲಿ ಎಲ್ಲಿ ನೋಡುವುದು? ಖುದ್ದಾಗಿ ನೋಡಬಹುದಾ?

ಸಂಸದ್ ಟಿವಿ. 2021ರ ಸೆಪ್ಟೆಂಬರಿನಲ್ಲಿ ಎರಡು ಸದನಗಳ ಚಾನೆಲ್ ಸೇರಿ ಒಂದಾಯಿತು. ಪ್ರಶ್ನೋತ್ತರ ಟಿವಿಯಲ್ಲಿ ನೇರ ಪ್ರಸಾರವಾಗಲು ಶುರುವಾಗಿದ್ದು 1994ರಲ್ಲಿ, ಲಾತೂರಿನ ಶಿವರಾಜ್ ಪಾಟೀಲರು ಸ್ಪೀಕರ್ ಆಗಿದ್ದಾಗ. ದೆಹಲಿಗೆ ಹೋಗುವುದಿದ್ದರೆ ಸಂದರ್ಶಕರ ಗ್ಯಾಲರಿಯ ಪಾಸು ಸಂಸದರ ಮೂಲಕ ಸಿಗುತ್ತದೆ.

ಆ ವೇಟಿಂಗ್ ಲಿಸ್ಟ್ ಪ್ರಶ್ನೆ ಏನಾಯಿತು?

ಒಮ್ಮೆ ಚೀಟಿಯಲ್ಲಿ ಬರಲಿಲ್ಲ. ಮುಂದಿನ ಅಧಿವೇಶನಕ್ಕೆ ಅದೇ ನಾಲ್ಕು ಸಾಲು ಮತ್ತೆ ಹೋಗುತ್ತದೆ, ಬುಧವಾರದ ಪಟ್ಟಿಗೆ. ಅಷ್ಟರಲ್ಲಿ ನಮ್ಮವರು ಗೊತ್ತಲ್ಲ, ಅರವತ್ತು ದಿನ ಮೊದಲು ಬೆಳಗ್ಗೆ 8ಕ್ಕೆ ನಾಲ್ಕು ಮೊಬೈಲ್ ಹಿಡಿದು ಕೂತು ಮೇ ತಿಂಗಳ ಟಿಕೆಟ್ ಮಾಡಿಸಿದ್ದಾರೆ. ನನ್ನದು ವೇಟಿಂಗ್ ಲಿಸ್ಟ್ 43.